ಗುಡ್ಡದ ನೆತ್ತಿಗೆ ಕುಡಿಯುವ ನೀರು: ತಲೆಹೊರೆಯಲ್ಲಿ ಒಯ್ಯಬಹುದಾದ ಮಂಜಿನ ಬಲೆ ಕಟ್ಟುವ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲೂ ಮಾರ್ಚ್ ಬಂತೆಂದರೆ ಗುಡ್ಡದ ನೆತ್ತಿಯಲ್ಲಿ ಇರುವವರು ಕೊಡ ಹಿಡಿದು ಕೆಳಗೆ ಇಳಿಯಬೇಕು. ಮಳೆ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಕೆಳಗಿನ ಮನೆಗಳಿಗೆ ಬಾವಿ ಇದೆ, ಗುಡ್ಡದಿಂದ ಇಳಿಯುವ ಅಬ್ಬಿ ನೀರು ಇದೆ. ನೆತ್ತಿಯಲ್ಲಿ ಇರುವವರಿಗೆ ಇನ್ನೂ ಮೇಲಿಂದ ಹರಿದು ಬರಲು ಗುಡ್ಡವೇ ಇಲ್ಲ, ಅಲ್ವಾ? ಬೋರ್‌ವೆಲ್ ಲಾರಿ ಅಲ್ಲಿಗೆ ಹತ್ತುವುದಿಲ್ಲ. ಟ್ಯಾಂಕರ್ ಕೂಡ ಹತ್ತುವುದಿಲ್ಲ.

ಈ ಲೇಖನ ಅಂಥವರಿಗಾಗಿ. ಏರು ದಾರಿಯ ಒಂಟಿ ಮನೆ, ಗುಡ್ಡದ ಮೇಲಿನ ಗುಡಿಯಲ್ಲಿ ಉಳಿಯುವ ಭಟ್ಟರು, ಕಾಡಿನೊಳಗೆ ಕಳ್ಳಬೇಟೆ ತಡೆ ಶಿಬಿರದಲ್ಲಿ ಇರುವ ವಾಚರುಗಳು. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ಸಾಲುವಷ್ಟು ನೀರನ್ನು ಮಂಜಿನಿಂದ ಹಿಡಿಯುವುದು ಹೇಗೆ, ಅದಕ್ಕೆ ಬೇಕಾದ್ದನ್ನೆಲ್ಲ ನಾಲ್ಕೈದು ಜನ ಹೊತ್ತೊಯ್ಯುವಷ್ಟು ಹಗುರವಾಗಿ ಮಾಡುವುದು ಹೇಗೆ ಎನ್ನುವುದು ವಿಷಯ.

ಮಂಜಿನ ಬಲೆ ಎಂದರೆ ಎರಡು ಕಂಬಗಳ ನಡುವೆ ಬಿಗಿದು ಕಟ್ಟಿದ ಸಣ್ಣ ಕಣ್ಣಿನ ಬಲೆ. ಗಾಳಿಯಲ್ಲಿ ಬರುವ ಮಂಜಿನ ಹನಿ ಅದಕ್ಕೆ ಅಂಟಿ, ಜಾರಿ ಕೆಳಗೆ ಇಳಿಯುತ್ತದೆ. ಒಂದು ಮಾತು ಮೊದಲೇ ಹೇಳಬೇಕು. ಮಲೆನಾಡಿನಲ್ಲಿ ಮಂಜಿನ ಬಲೆ ಬೇಸಿಗೆಯ ನೀರಿನ ಮೂಲ ಅಲ್ಲ. ಏಪ್ರಿಲ್‌ನಲ್ಲಿ ಬೇಕಾದಷ್ಟು ಮಂಜು ಬರುವುದಿಲ್ಲ. ಬಲೆಯ ಕೆಲಸ ಬೇರೆ. ಮಳೆಗಾಲದಲ್ಲಿ ತುಂಬಿಟ್ಟ ಟ್ಯಾಂಕಿಗೆ ಮಾರ್ಚ್ ತನಕ ಕೈ ಹಾಕದಂತೆ ನೋಡಿಕೊಳ್ಳುವುದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಬಲೆಯ ಅಳತೆ, ಕಂಬದ ದಪ್ಪ, ಕಟ್ಟುವ ತಿಂಗಳು, ಬಿಚ್ಚುವ ತಿಂಗಳು ಎಲ್ಲವೂ ತಾನಾಗಿ ಸರಿಹೋಗುತ್ತದೆ.

ಮೊದಲು ಕಾಗದದ ಮೇಲೆ ಲೆಕ್ಕ

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 6 ಲೀಟರ್ ಎಂದು ಇಟ್ಟುಕೊಳ್ಳೋಣ. ಸ್ನಾನ, ಪಾತ್ರೆ, ದನಕರು ಈ ಲೆಕ್ಕದಲ್ಲಿ ಇಲ್ಲ. ನಾಲ್ಕು ಜನಕ್ಕೆ ದಿನಕ್ಕೆ 24 ಲೀಟರ್.

ಸ್ವಾತಿ ಮಳೆ ಮುಗಿಯುವ ತನಕ ಟ್ಯಾಂಕು ತುಂಬಿರುತ್ತದೆ ಎನ್ನಿ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ 120 ದಿನ. ಅದಕ್ಕೆ 2,880 ಲೀಟರ್ ಬೇಕು. ಮಾರ್ಚ್‌ನಿಂದ ಮೇ ಕೊನೆಯವರೆಗೆ 92 ದಿನ, ಇನ್ನೂ 2,208 ಲೀಟರ್. ಒಟ್ಟು 5,000 ಲೀಟರಿಗೆ ಸ್ವಲ್ಪ ಮೇಲೆ.

ನಿಮ್ಮ ಜಾಗಕ್ಕೆ ಜೀಪು ಹೋಗುತ್ತದೆ, 5,000 ಲೀಟರಿನ ಟ್ಯಾಂಕು ಇಡಲು ಆಗುತ್ತದೆ ಅಂದರೆ ಮಂಜಿನ ಬಲೆ ಬೇಡ. ತಗಡಿನ ಮಾಡಿಗೆ ದೋಣಿ (ನೀರು ಹಿಡಿದು ಹರಿಸುವ ಉದ್ದ ಕಾಲುವೆ) ಕಟ್ಟಿ ಮಳೆನೀರು ತುಂಬಿಕೊಳ್ಳಿ. 20 ಚದರ ಮೀಟರಿನ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಚೆಲ್ಲಿ ಹೋಗುವುದನ್ನು ಕಳೆದರೂ 1,600 ಲೀಟರ್ ಸಿಗುತ್ತದೆ. ಆಷಾಢದ ಒಂದು ವಾರ ಸಾಕು. ಅದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ತಲೆಹೊರೆಯಲ್ಲಿ ಮಾತ್ರ ಹೋಗಬಹುದಾದ ಕಡೆ 5,000 ಲೀಟರಿನ ಟ್ಯಾಂಕು ಹತ್ತಿಸುವುದು ಆಗದ ಮಾತು. 1,000 ಲೀಟರಿನದ್ದಾದರೆ ಬಿದಿರಿಗೆ ಕಟ್ಟಿ ಇಬ್ಬರು ಮೂವರು ಹೊರಬಹುದು. ಅಂಥ ಎರಡು ಟ್ಯಾಂಕು ಇಟ್ಟರೆ 2,000 ಲೀಟರ್. ನವೆಂಬರ್ 1ಕ್ಕೇ ಅದರಿಂದ ಕುಡಿಯಲು ಶುರು ಮಾಡಿದರೆ 83 ದಿನ ಬರುತ್ತದೆ, ಅಂದರೆ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಖಾಲಿ. ಅದೇ ಟ್ಯಾಂಕನ್ನು ಮಾರ್ಚ್ 1ರ ತನಕ ಮುಟ್ಟದೆ ಇಟ್ಟರೆ ಮೇ 22ರ ಹೊತ್ತಿಗೆ ಮುಗಿಯುತ್ತದೆ. ನಡುವೆ ಭರಣಿ, ಕೃತ್ತಿಕೆ ಮಳೆ ನಾಲ್ಕು ಹನಿ ಹಾಕಿದರೂ ಮುಂಗಾರು ಹಿಡಿಯುವ ತನಕ ತಳ್ಳಬಹುದು.

ಈ ನಾಲ್ಕು ತಿಂಗಳ ಸಂದಿಯಲ್ಲೇ ಬಲೆಗೆ ಕೆಲಸ ಇರುವುದು.

ಎಲ್ಲ ಮಂಜೂ ನೀರು ಕೊಡುವುದಿಲ್ಲ

ತೀರ್ಥಹಳ್ಳಿಯಲ್ಲಿ ಚಳಿಗಾಲದ ಬೆಳಿಗ್ಗೆ ತುಂಗೆಯ ಮೇಲೆ ದಟ್ಟ ಮಂಜು ಕೂತಿರುತ್ತದೆ. ಆಚೆ ದಡ ಕಾಣುವುದಿಲ್ಲ. ನೋಡಿದರೆ ಇಲ್ಲೇ ಬಲೆ ಕಟ್ಟೋಣ ಅನಿಸುತ್ತದೆ. ಅಲ್ಲಿ ಕಟ್ಟಿದರೆ ಬಲೆ ಒದ್ದೆಯಾಗುತ್ತದೆ, ಡಬ್ಬ ತುಂಬುವುದಿಲ್ಲ. ಅದು ರಾತ್ರಿ ನೆಲ ತಣ್ಣಗಾಗಿ ಕಣಿವೆಯಲ್ಲಿ ಕೂತ ಮಂಜು. ಅದಕ್ಕೆ ಓಟ ಇಲ್ಲ. ನಿಂತ ಮಂಜು ತಾನಾಗಿ ಬಲೆಯ ಹತ್ತಿರ ಬರುವುದಿಲ್ಲ.

ನಮಗೆ ಬೇಕಾದದ್ದು ಗಾಳಿಯ ಜೊತೆ ಓಡುವ ಮಂಜು. ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡ ಗುಡ್ಡದ ನೆತ್ತಿಯನ್ನು ಉಜ್ಜಿಕೊಂಡು ದಾಟುತ್ತದೆ. ಕೊಡಚಾದ್ರಿ, ಕುಂದಾದ್ರಿ, ಹುಲಿಕಲ್ ಘಟ್ಟದ ಅಂಚು, ಆ ಕಡೆ ಮುಳ್ಳಯ್ಯನಗಿರಿ ಸಾಲು, ಇಲ್ಲೆಲ್ಲ ಮೋಡ ಮುಖಕ್ಕೇ ಬಂದು ತಾಗುತ್ತದೆ. ಅದು ಬಲೆಗೆ ತಕ್ಕ ಮಂಜು.

ಯಾಕೆ ಅಂತ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಮಂಜಿನ ಹನಿ ತೀರಾ ಸಣ್ಣದು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಮಂಜಿನ ಹನಿ ಹೆಚ್ಚಾಗಿ 1ರಿಂದ 40 ಮೈಕ್ರಾನ್ ಇರುತ್ತದೆ. ಇಷ್ಟು ಹಗುರದ ಹನಿ ಕೆಳಗೆ ಬೀಳುವುದಿಲ್ಲ, ಗಾಳಿ ಹೋದಲ್ಲಿ ಹೋಗುತ್ತದೆ. ಎದುರಿಗೆ ದಪ್ಪ ಕಂಬ ಇದ್ದರೆ ಗಾಳಿ ಬಳಸಿಕೊಂಡು ಹೋಗುತ್ತದೆ, ಹನಿಯೂ ಅದರ ಹಿಂದೆಯೇ ತಿರುಗಿ ಹೋಗುತ್ತದೆ. ಎದುರಿಗೆ ಸಣ್ಣ ಎಳೆ ಇದ್ದರೆ ಗಾಳಿ ಗಕ್ಕನೆ ತಿರುಗಬೇಕಾಗುತ್ತದೆ. ಹನಿಗೆ ಅಷ್ಟು ಬೇಗ ತಿರುಗಲು ಆಗದೆ ಎಳೆಗೆ ಅಂಟಿಕೊಳ್ಳುತ್ತದೆ. ಒಂದಕ್ಕೊಂದು ಕೂಡಿ ದಪ್ಪಗಾಗಿ ಕೆಳಗೆ ಜಾರುತ್ತದೆ. ಎಳೆ ಸಣ್ಣಗಿದ್ದಷ್ಟೂ, ಗಾಳಿ ಜೋರಾಗಿದ್ದಷ್ಟೂ ಹನಿ ಜಾಸ್ತಿ ಸಿಕ್ಕಿಬೀಳುತ್ತದೆ.

ಮಂಜಿನಲ್ಲಿ ನೀರು ಎಷ್ಟಿರುತ್ತದೆ? ಒಂದು ಘನ ಮೀಟರ್ ಗಾಳಿಯಲ್ಲಿ 0.05ರಿಂದ 0.5 ಗ್ರಾಂ. ನಡುವೆ 0.2 ಗ್ರಾಂ ಎಂದು ಹಿಡಿಯಿರಿ. ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿದ್ದರೆ ಒಂದು ಚದರ ಮೀಟರ್ ಬಲೆಯ ಮೂಲಕ ಸೆಕೆಂಡಿಗೆ 1 ಗ್ರಾಂ, ಗಂಟೆಗೆ 3.6 ಲೀಟರ್ ನೀರು ಹಾದು ಹೋಗುತ್ತದೆ. ಸಾಧಾರಣ ಬಲೆ ಅದರಲ್ಲಿ ಐದರಲ್ಲಿ ಒಂದು ಪಾಲು ಹಿಡಿದರೂ ಗಂಟೆಗೆ 700 ಮಿಲಿಲೀಟರ್. ಹೀಗೆ ನಾಲ್ಕೈದು ಗಂಟೆ ಮಂಜು ಓಡಿದ ದಿನ ಚದರ ಮೀಟರಿಗೆ 3 ಲೀಟರ್ ಬಂತು. ಗಾಳಿ ನಿಂತರೆ ಈ ಲೆಕ್ಕದಲ್ಲಿ ಉಳಿಯುವುದು ಸೊನ್ನೆ.

ಬಲೆ ಕಟ್ಟುವ ಮೊದಲೇ ಜಾಗ ಗುರುತಿಸಲು ಕಾಡೇ ಸಹಾಯ ಮಾಡುತ್ತದೆ. ಮಳೆ ಇಲ್ಲದ ಮಂಜಿನ ಬೆಳಿಗ್ಗೆ ಹೋಗಿ ಮರದ ಕೆಳಗೆ ನಿಲ್ಲಿ. ಬಯಲು ಒಣಗಿದ್ದು ಮರದ ಬುಡ ಮಾತ್ರ ತೊಟ್ಟಿಕ್ಕಿ ಒದ್ದೆಯಾಗಿದ್ದರೆ ಆ ಮರ ಆಗಲೇ ಮಂಜು ಹಿಡಿಯುತ್ತಿದೆ. ಕೊಂಬೆಯ ಒಂದೇ ಮಗ್ಗುಲಿಗೆ ಹಾವಸೆ ದಟ್ಟವಾಗಿ ಬೆಳೆದಿದೆಯೇ, ಮರಗಳೆಲ್ಲ ಒಂದು ಕಡೆಗೆ ವಾಲಿವೆಯೇ ನೋಡಿ. ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಅದೇ ತೋರಿಸುತ್ತದೆ. ಇಂಥ ಜಾಗದಲ್ಲಿ ಮರ ಕಡಿದು ಬಲೆ ಕಟ್ಟುವ ಯೋಚನೆಯನ್ನಂತೂ ಮಾಡಲೇಬೇಡಿ. ಆ ಮರಗಳು ಹಿಡಿದ ನೀರೇ ಕೆಳಗಿನ ಅಬ್ಬಿಗೆ ಇಳಿಯುವುದು. ಬಯಲಾದ ಏಣಿನಲ್ಲೇ, ಅಂದರೆ ಗುಡ್ಡದ ಬೆನ್ನಿನ ಮೇಲೇ, ಕಂಬ ನೆಡಿ.

ಒಂದು ಚದರ ಮೀಟರಿನ ಪರೀಕ್ಷೆ

ದಯವಿಟ್ಟು ಈ ಹಂತ ಬಿಡಬೇಡಿ. ದೊಡ್ಡ ಬಲೆಗೆ ಖರ್ಚು ಮಾಡುವ ಮೊದಲು ಒಂದು ಚಳಿಗಾಲ ಸಣ್ಣ ಬಲೆ ಕಟ್ಟಿ ಅಳೆಯಲೇಬೇಕು.

1994ರಲ್ಲಿ ಶೆಮೆನಾವರ್ ಮತ್ತು ಸೆರೆಸೆಡಾ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ಅಳತೆ ಕೊಟ್ಟರು. ಜಗತ್ತಿನ ಬೇರೆ ಬೇರೆ ಕಡೆ ಅದನ್ನೇ ಬಳಸುತ್ತಾರೆ. 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕಟ್ಟು. ಅದರ ಕೆಳ ಅಂಚು ನೆಲದಿಂದ 2 ಮೀಟರ್ ಮೇಲೆ. ಎರಡು ಪದರ ಬಲೆ. ಕೆಳಗೆ 15 ಸೆಂಟಿಮೀಟರ್ ಅಗಲದ ದೋಣಿ. ದೋಣಿಯಿಂದ ಸಣ್ಣ ಪೈಪು ಒಂದು ಮುಚ್ಚಿದ ಕ್ಯಾನಿಗೆ. ಅಳತೆ ಬದಲಾಯಿಸದೆ ಇದ್ದರೆ ನಿಮ್ಮ ಗುಡ್ಡದ ಲೆಕ್ಕವನ್ನು ಚಿಲಿ, ನೇಪಾಳದ ಲೆಕ್ಕದ ಜೊತೆ ಇಟ್ಟು ನೋಡಬಹುದು.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ಲೀಟರ್, ಗಾಳಿ ಯಾವ ಕಡೆಯಿಂದ, ಮಳೆ ಬಂತೇ ಇಲ್ಲವೇ. ಏನೂ ಸಿಗದ ದಿನ ಸೊನ್ನೆ ಎಂದು ಬರೆಯಬೇಕು, ಜಾಗ ಖಾಲಿ ಬಿಡಬಾರದು. ಪಕ್ಕದಲ್ಲಿ ನೇರ ಬಾಯಿಯ ಡಬ್ಬ ಒಂದಿಟ್ಟರೆ ಮಳೆಮಾಪಕವಾಯಿತು. ಮಳೆ ಬಂದ ದಿನದ ನೀರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಜುಲೈನಲ್ಲಿ ಪರೀಕ್ಷೆ ಮಾಡಿ ಕ್ಯಾನು ತುಂಬಿತು ಎಂದು ಖುಷಿಪಟ್ಟರೆ ಅದು ಮಳೆ ಕೊಟ್ಟ ಖುಷಿ. ನವೆಂಬರ್‌ನಿಂದ ಫೆಬ್ರವರಿಯ ಲೆಕ್ಕ ಮಾತ್ರ ನಮಗೆ ಮುಖ್ಯ.

ಚಿಲಿ ದೇಶದ ಚುಂಗುಂಗೋ ಎಂಬ ಮೀನುಗಾರರ ಹಳ್ಳಿಗೆ 1992ರಲ್ಲಿ ಮಂಜಿನ ನೀರು ಪೈಪಿನಲ್ಲಿ ಬಂತು. ಎಲ್ ಟೋಫೊ ಬೆಟ್ಟದ ಮೇಲೆ ತಲಾ 48 ಚದರ ಮೀಟರಿನ ಸುಮಾರು 100 ಬಲೆಗಳಿದ್ದವು. ದಿನಕ್ಕೆ ಸರಾಸರಿ 15,000 ಲೀಟರ್ ಸಿಗುತ್ತಿತ್ತು. ಅಂದರೆ ಚದರ ಮೀಟರಿಗೆ ಸುಮಾರು 3 ಲೀಟರ್. ನಿಮ್ಮ ಚಳಿಗಾಲದ ಸರಾಸರಿ ಇದರ ಹತ್ತಿರ ಬಂದರೆ 8 ಚದರ ಮೀಟರಿನ ಒಂದೇ ಬಲೆ 24 ಲೀಟರ್ ಕೊಡುತ್ತದೆ. 1 ಲೀಟರ್ ಬಂದರೆ ಅಂಥ ಮೂರು ಬಲೆ ಬೇಕು. ಒಂದು ಲೀಟರಿಗೂ ಕಡಿಮೆ ಬಂದರೆ ನನ್ನ ಸಲಹೆ ಒಂದೇ, ಆ ಜಾಗ ಬಿಡಿ. ಏಣಿನ ಉದ್ದಕ್ಕೆ ನೂರಿನ್ನೂರು ಮೀಟರ್ ಸರಿದು ಇನ್ನೊಂದು ಕಡೆ ನೋಡಿ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಗಾಳಿ ಒತ್ತಿಕೊಂಡು ನುಗ್ಗುತ್ತದೆ. ಅಂಥ ಕಡೆ ಲೆಕ್ಕ ಪೂರ್ತಿ ಬದಲಾಗಬಹುದು.

ಪರೀಕ್ಷೆಗೂ ಮುನ್ನ ಜಾಗ ಯಾರದ್ದು ಎಂದು ನೋಡಿಕೊಳ್ಳಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಒಳಗಿದೆ. ಕಾನು, ಸೊಪ್ಪಿನಬೆಟ್ಟಗಳಿಗೂ ಅವುಗಳದ್ದೇ ನಿಯಮಗಳಿವೆ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆದು ಆಮೇಲೆ ಗೂಟ ಹೊಡೆಯಿರಿ.

ಬಲೆ ಆರಿಸುವುದು

ನರ್ಸರಿಗಳಿಗೆ ಹಾಕುವ ಶೇಡ್ ನೆಟ್ ಸಾಕು. ಅಂಗಡಿಯಲ್ಲಿ 35, 50, 75, 90 ಶೇಕಡಾ ಎಂದು ಕೇಳುತ್ತಾರೆ. ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಅದು. ನಮಗೆ 35 ಶೇಕಡಾದ ಹೆಣೆದ ಬಲೆ, ಎರಡು ಪದರ. ಎರಡು ಸೇರಿದಾಗ ಸುಮಾರು 58 ಶೇಕಡಾ ಮುಚ್ಚಿಕೊಳ್ಳುತ್ತದೆ. ಚಿಲಿಯಲ್ಲಿ ಬಳಸಿದ್ದೂ ಇದೇ ಬಗೆ. ಎರಡು ಪದರ ಗಾಳಿಗೆ ಒಂದಕ್ಕೊಂದು ಉಜ್ಜಿದಾಗ ಹನಿಗಳು ಕೂಡಿ ಬೇಗ ಇಳಿಯುತ್ತವೆ. 35 ಸಿಗದಿದ್ದರೆ 50ರದ್ದು ಒಂದೇ ಪದರ ಹಾಕಬಹುದು. 75, 90 ಬೇಡ. ಜಾಸ್ತಿ ಮುಚ್ಚಿದರೆ ಜಾಸ್ತಿ ನೀರು ಎಂದು ಅನಿಸುತ್ತದೆ, ನಿಜ ಹಾಗಿಲ್ಲ. ಗಾಳಿಗೆ ಒಳಗೆ ದಾರಿ ಸಿಗದಿದ್ದರೆ ಅದು ಮಂಜನ್ನೂ ಕರೆದುಕೊಂಡು ಬಲೆಯ ಪಕ್ಕದಿಂದ ಹೋಗಿಬಿಡುತ್ತದೆ. ಕಂಬದ ಮೇಲಿನ ಭಾರವೂ ಏರುತ್ತದೆ.

ಬಿಸಿಲು ತಡೆಯುವ ಯುವಿ ರಕ್ಷಣೆ ಇರುವ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಲೆಯನ್ನೇ ಕೇಳಿ ತೆಗೆದುಕೊಳ್ಳಿ. ಕಪ್ಪು ಬಣ್ಣದ್ದು ಬಿಸಿಲಿಗೆ ಚೆನ್ನಾಗಿ ಬಾಳುತ್ತದೆ. ತಂದ ಮೇಲೆ ಒಂದು ತುಂಡಿಗೆ ನೀರು ಚಿಮುಕಿಸಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹಿಡಿದು ನೋಡಿ. ಯಾವ ರೀತಿ ಹಿಡಿದರೆ ಹನಿ ಬೇಗ ಜಾರುತ್ತದೋ ಹಾಗೇ ಕಟ್ಟಬೇಕು.

2018ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನ ಸಂಶೋಧಕರು ಅಡ್ಡ ಎಳೆಯೇ ಇಲ್ಲದ, ಬರೀ ನಿಂತ ತಂತಿಗಳ ಸಾಲನ್ನು ಮಾಡಿ ತೋರಿಸಿದರು. ಅಡ್ಡ ಎಳೆ ಇಲ್ಲದ್ದರಿಂದ ಹನಿ ಎಲ್ಲೂ ನಿಲ್ಲದೆ ಜಾರುತ್ತದೆ. ಒಳ್ಳೆಯ ವಿಚಾರ. ಆದರೆ ಗುಡ್ಡದ ಮೇಲೆ ತಂತಿ ತುಂಡಾದರೆ ಸಾಲು ಸಿಕ್ಕು ಬೀಳುತ್ತದೆ, ಬಿಡಿಸುವುದು ಕಷ್ಟ. ಶೇಡ್ ನೆಟ್ ಹರಿದರೆ ಸೂಜಿ, ನೈಲಾನ್ ದಾರ ಇದ್ದವರು ಯಾರಾದರೂ ಹೊಲಿಯಬಹುದು. ದೂರದ ಜಾಗಕ್ಕೆ ನಾನು ಶೇಡ್ ನೆಟ್ಟನ್ನೇ ಆರಿಸುತ್ತೇನೆ.

ಅಳತೆ 4 ಮೀಟರ್ ಉದ್ದ, 2 ಮೀಟರ್ ಎತ್ತರ. ಮೇಲೆ ಮತ್ತು ಎರಡು ಪಕ್ಕಕ್ಕೆ ಮಡಿಸಿ ಹೊಲಿಯಲು 10 ಸೆಂಟಿಮೀಟರ್ ಹೆಚ್ಚು ಬಿಡಿ. ಕೆಳಗೆ 20 ಸೆಂಟಿಮೀಟರ್ ಬಿಡಿ. ಅದರಲ್ಲಿ ಅರ್ಧ ಮಡಿಕೆಗೆ, ಉಳಿದ 10 ಸೆಂಟಿಮೀಟರ್ ಲಂಗದ ಅಂಚಿನಂತೆ ದೋಣಿಯೊಳಗೆ ಇಳಿಯಬೇಕು. ಟಾರ್ಪಾಲ್ ಹೊಲಿಯುವವರ ಹತ್ತಿರ ಅಂಚು ಮಡಿಸಿ, ತಂತಿ ತೂರುವಷ್ಟು ಕೊಳವೆ ಬಿಟ್ಟು ಹೊಲಿಸಿ. ಎರಡು ಪದರ ಸೇರಿಯೂ ತೂಕ ಎರಡು ಕಿಲೋ ದಾಟುವುದಿಲ್ಲ.

ಕಂಬ, ತಂತಿ, ಮತ್ತು ಮುರಿಯದಂತೆ ಬಿಟ್ಟುಕೊಡುವ ಕಟ್ಟು

ತೂಕ ಕಡಿಮೆ ಮಾಡುವ ದೊಡ್ಡ ಗುಟ್ಟು ಕ್ಯಾಲೆಂಡರಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡಿನ ನೀರೇ ಧಾರಾಳ. ಆಗ ಬಲೆ ಬೇಡ. ಮಾರ್ಚ್‌ನಿಂದ ಮೇವರೆಗೆ ಮಂಜು ಇಲ್ಲ, ಬಿಸಿಲು ಬಲೆಯನ್ನು ತಿನ್ನುತ್ತದೆ. ಆಗಲೂ ಬೇಡ. ಹಾಗಾಗಿ ಬಲೆಯನ್ನು ಅಕ್ಟೋಬರ್‌ನಲ್ಲಿ ಕಟ್ಟಿ ಮಾರ್ಚ್ ಮೊದಲ ವಾರ ಬಿಚ್ಚಿಬಿಡಿ. ಪುನರ್ವಸು, ಪುಷ್ಯ ಮಳೆಯ ಗಾಳಿಯನ್ನು ಬಲೆ ಎದುರಿಸಬೇಕಿಲ್ಲ ಅಂದಮೇಲೆ ದಪ್ಪ ಕಬ್ಬಿಣದ ಕಂಬ, ಕಾಂಕ್ರೀಟ್ ಪಾಯ ಯಾವುದೂ ಬೇಕಾಗುವುದಿಲ್ಲ.

ಆದರೂ ಹಿಂಗಾರಿನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಬಾಲ ಇಲ್ಲಿಗೂ ತಾಗುವುದುಂಟು. ಗಂಟೆಗೆ 72 ಕಿಲೋಮೀಟರ್ ಗಾಳಿಗೆ ಲೆಕ್ಕ ಹಾಕೋಣ. ಆ ವೇಗದಲ್ಲಿ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 24 ಕಿಲೋ ತೂಕದಷ್ಟು ಒತ್ತುತ್ತದೆ. 8 ಚದರ ಮೀಟರಿಗೆ 200 ಕಿಲೋ ಹತ್ತಿರ. ಬಲೆಯಲ್ಲಿ ತೂತುಗಳಿರುವುದರಿಂದ ನಿಜವಾದ ಒತ್ತಡ ಇನ್ನೂ ಕಡಿಮೆ. ಆದರೂ 200 ಎಂದೇ ಹಿಡಿದರೆ ಒಂದು ಕಂಬಕ್ಕೆ 100 ಕಿಲೋ. ನೆತ್ತಿಯಿಂದ 45 ಡಿಗ್ರಿಯಲ್ಲಿ ಎಳೆದು ಕಟ್ಟಿದ ತಂತಿಯ ಮೇಲೆ ಆಗ ಬೀಳುವ ಎಳೆತ ಹೆಚ್ಚುಕಡಿಮೆ 105 ಕಿಲೋ. 4 ಮಿಲಿಮೀಟರಿನ ಜಿಐ (ಸತುವಿನ ಲೇಪದ ಕಬ್ಬಿಣ) ತಂತಿ ಇದನ್ನು ಆರಾಮಾಗಿ ತಡೆಯುತ್ತದೆ. ಕಂಬ ಬಾಗದಂತೆ ಹಿಡಿಯುವುದು ತಂತಿ. ಕಂಬದ ಕೆಲಸ ನೆಟ್ಟಗೆ ನಿಂತು ಭಾರ ಹೊರುವುದಷ್ಟೇ. ಅದಕ್ಕೆ ಬಿದಿರು ಸಾಕು.

ಒಂದೂವರೆ ಇಂಚಿನ ಜಿಐ ಪೈಪು 4 ಮೀಟರಿಗೆ 14 ಕಿಲೋ ಆಗುತ್ತದೆ. ಅಷ್ಟೇ ಉದ್ದದ, 7 ಸೆಂಟಿಮೀಟರ್ ದಪ್ಪದ ಒಣ ಬಿದಿರಿನ ಗಳ ಅದರ ಅರ್ಧವೂ ತೂಗುವುದಿಲ್ಲ. ಮೂರು ವರ್ಷ ಬಲಿತ ಗಟ್ಟಿ ಬಿದಿರನ್ನೇ ಕಡಿಯಿರಿ. ಕೆಲವು ವಾರ ಹಳ್ಳದ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿದರೆ ಕುಟ್ಟೆ ಹುಳದ ಕಾಟ ಕಡಿಮೆ. ಬುಡವನ್ನು ಮಣ್ಣಿನಲ್ಲಿ ಹೂಳಬೇಡಿ, ಎರಡು ಮೂರು ಮಳೆಗಾಲಕ್ಕೆ ಕೊಳೆಯುತ್ತದೆ. ಅರ್ಧ ಮೀಟರ್ ಕಬ್ಬಿಣದ ಕೊಳವೆಯ ತುಂಡನ್ನು ನೆಲಕ್ಕೆ ಹೂತು ಅದರೊಳಗೆ ಗಳವನ್ನು ಕೂರಿಸಿ. ಬಂಡೆಯ ಜಾಗವಾದರೆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿ, ತಂತಿಯಲ್ಲೇ ಬಿಗಿ ಮಾಡಬಹುದು.

ಒಂದು ಕಂಬಕ್ಕೆ ಮೂರು ತಂತಿ. ಎರಡು ಗಾಳಿಯ ಹಿಂದೆ ಮುಂದೆ, ಒಂದು ಬಲೆಯ ಹೊರಮಗ್ಗುಲಿಗೆ. ಗೂಟದ ಬದಲು ಎರಡೂವರೆ ಅಡಿ ಗುಂಡಿ ತೆಗೆದು, ತಂತಿ ಸುತ್ತಿದ ಉದ್ದ ಕಲ್ಲನ್ನು ಅಡ್ಡ ಮಲಗಿಸಿ ಮುಚ್ಚಿ ದಮ್ಮಸ್ಸು ಮಾಡಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಇದು ಅಲುಗುವುದಿಲ್ಲ. ಕಾಟಿ (ಕಾಡುಕೋಣ) ಓಡಾಡುವ ಜಾಗವಾದರೆ ತಂತಿಗೆ ಬಿಳಿ ಬಟ್ಟೆಯ ಪಟ್ಟಿಗಳನ್ನು ಕಟ್ಟಬೇಕು. ಬಲೆಯ ಅಂಚಿಗೂ ಕಟ್ಟಿದರೆ ಹಕ್ಕಿಗಳಿಗೆ ಕಾಣುತ್ತದೆ.

ಇನ್ನು ಕಟ್ಟು. ಬಲೆಯ ಮೇಲಿನ ಅಂಚನ್ನು ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಗಟ್ಟಿಯಾಗಿ ಕಟ್ಟಿ. ಕೆಳಗೆ ಮತ್ತು ಪಕ್ಕಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಕಟ್ಟಿ. ಸಾಧಾರಣ ಗಾಳಿಗೆ ರಬ್ಬರ್ ಹಿಗ್ಗಿ ಬಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ತೀರಾ ಜೋರಾದರೆ ರಬ್ಬರೇ ಮೊದಲು ತುಂಡಾಗುತ್ತದೆ. ಆಗ ಬಲೆ ಮೇಲಿನ ತಂತಿಯಲ್ಲಿ ಬಾವುಟದಂತೆ ಹಾರಾಡಿ ಒತ್ತಡ ಇಳಿದುಬಿಡುತ್ತದೆ. ಕಂಬ ಉಳಿಯುತ್ತದೆ, ಬಲೆಯೂ ಹರಿಯುವುದಿಲ್ಲ. ಮಾರನೆಯ ದಿನ ನಾಲ್ಕು ರಬ್ಬರ್ ಪಟ್ಟಿ ಹಾಕಿದರೆ ಆಯಿತು. ಮೊರಾಕ್ಕೋದ ಬೌತ್‌ಮೆಜ್ಗಿಡಾ ಬೆಟ್ಟದಲ್ಲಿ ಹಾಕಿರುವ ದೊಡ್ಡ ಬಲೆಗಳಲ್ಲೂ ಗಾಳಿಯ ಹೊಡೆತ ತಾಳಲು ರಬ್ಬರ್ ಕಟ್ಟುಗಳೇ ಇವೆ.

ಇಥಿಯೋಪಿಯಾದ ಡೊರ್ಜೆಯಲ್ಲಿ 2015ರಲ್ಲಿ ಗಾಳಿಯ ತೇವದಿಂದ ನೀರು ಹಿಡಿಯಲು ಬಿದಿರಿನಿಂದ ಕಟ್ಟಿದ ವಾರ್ಕಾ ಗೋಪುರದ ಚಿತ್ರ ಅನೇಕರು ನೋಡಿರಬಹುದು. ಚಂದದ ಕೆಲಸ. ಆದರೆ ಪಳಗಿದ ಕೈಗಳು ಬೇಕು. ಎರಡು ಗಳ, ಒಂದು ಬಲೆ ನಮ್ಮ ಕೆಲಸಕ್ಕೆ ಸಾಕು.

ದಿಕ್ಕಿನ ವಿಷಯ ಸ್ವಲ್ಪ ಗಮನಿಸಿ. ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ ಬರುತ್ತದೆ, ಹಿಂಗಾರು ಮತ್ತು ಚಳಿಗಾಲದಲ್ಲಿ ಈಶಾನ್ಯ, ಪೂರ್ವದಿಂದ. ಪಡುವಣಕ್ಕೆ ಮುಖ ಮಾಡಿದ ಏಣಿನ ಅಂಚಿಗೇ ಬಲೆ ಕಟ್ಟಬೇಕು ಎಂದು ಸುಮ್ನೆ ನಿರ್ಧರಿಸಬೇಡಿ. ನಮ್ಮ ತಿಂಗಳುಗಳಲ್ಲಿ ಗಾಳಿ ಹಿಂದಿನಿಂದ ಬರಬಹುದು. ಚಪ್ಪಟೆ ಬಲೆಗೆ ಎದುರು ಹಿಂದು ಎಂಬ ಭೇದ ಇಲ್ಲ, ಅದು ಗಾಳಿಗೆ ಅಡ್ಡ ನಿಂತರೆ ಸಾಕು. ಪರೀಕ್ಷೆಯ ನೋಟ್‌ಬುಕ್ಕಿನಲ್ಲಿ ನೀರು ಬಂದ ದಿನಗಳ ಗಾಳಿ ಯಾವ ಕಡೆಯದಿತ್ತೋ ಅದಕ್ಕೆ ಅಡ್ಡವಾಗಿ ಕಂಬ ನೆಡಿ.

ದೋಣಿ ಮತ್ತು ಪೈಪು

ಹಳೆಯ ಕಾಲದಲ್ಲಿ ಅಡಿಕೆ ಮರ ಸೀಳಿ, ತಿರುಳು ತೆಗೆದು ಅಬ್ಬಿ ನೀರು ಹರಿಸುತ್ತಿದ್ದರು. ಹರಿಯುವ ನೀರಿಗೆ ಅದು ಸರಿ. ಹನಿಹನಿಯಾಗಿ ಬಂದು ನಿಲ್ಲುವ ಕುಡಿಯುವ ನೀರಿಗೆ ಬೇಡ, ಬೂಸ್ಟು ಹಿಡಿಯುತ್ತದೆ. 110 ಮಿಲಿಮೀಟರಿನ ಪಿವಿಸಿ ಪೈಪು ತೆಗೆದುಕೊಳ್ಳಿ. ಅರ್ಧಕ್ಕೆ ಸೀಳಬೇಡಿ. ಮೇಲ್ಗಡೆ ಉದ್ದಕ್ಕೂ 5 ಸೆಂಟಿಮೀಟರ್ ಅಗಲದ ಸೀಳು ಮಾತ್ರ ತೆಗೆಯಿರಿ. ಬಲೆಯ ಕೆಳಗೆ ಬಿಟ್ಟ ಅಂಚು ಆ ಸೀಳಿನೊಳಗೆ ಇಳಿಯಬೇಕು. ಗಾಳಿ ಯಾವ ಕಡೆಯಿಂದ ಬಂದರೂ ಹನಿ ಒಳಗೇ ಬೀಳುತ್ತದೆ. ಎಲೆ, ಹಕ್ಕಿಯ ಹಿಕ್ಕೆ ಬೀಳುವುದೂ ಕಡಿಮೆ. 4 ಮೀಟರಿಗೆ 8 ಸೆಂಟಿಮೀಟರ್ ಇಳಿಜಾರು ಕೊಡಿ. ಪೈಪಿನ ತುದಿ ಕಂಬದಿಂದ ಒಂದು ಗೇಣು ಒಳಗೇ ಇರಲಿ. ಬಿದಿರಿನ ಮೇಲಿಂದ ಇಳಿಯುವ ನೀರು ಇದರಲ್ಲಿ ಸೇರಬಾರದು.

ದೋಣಿಯಿಂದ ಟ್ಯಾಂಕಿನವರೆಗೆ ಕುಡಿಯುವ ನೀರಿಗೆಂದೇ ಬರುವ 20 ಮಿಲಿಮೀಟರ್ ಎಚ್‌ಡಿಪಿಇ ಪೈಪು, ಐಎಸ್ 4984 ಗುರುತು ಇರುವುದು. ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಏರುತ್ತದೆ. ಮನೆ 60 ಮೀಟರಿಗಿಂತ ಕೆಳಗಿದ್ದರೆ ನಡುವೆ ಒಂದು ಸಣ್ಣ ತೊಟ್ಟಿ ಇಟ್ಟು ಒತ್ತಡ ಇಳಿಸಿ. ಮಂಗಗಳಿರುವ ಕಡೆ ಪೈಪನ್ನು ಒಂದಡಿ ಆಳಕ್ಕೆ ಹೂಳುವುದೇ ದಾರಿ.

ಕುಡಿಯುವ ಮೊದಲು

ಓಡುವ ಮೋಡದ ನೀರು ಸಾಮಾನ್ಯವಾಗಿ ಶುದ್ಧವೇ. ಹಾಳಾಗುವುದು ಬಲೆ, ದೋಣಿ, ಟ್ಯಾಂಕಿನಲ್ಲಿ. ಹೊಸ ಬಲೆಯನ್ನು ಎರಡು ಮೂರು ಸಲ ತೊಳೆಯಿರಿ. ಮೊದಲ ಕೆಲವು ದಿನದ ನೀರನ್ನು ಗಿಡಕ್ಕೆ ಬಿಡಿ.

ಮಂಜು ನಿಂತು ಮತ್ತೆ ಬರುವಷ್ಟರಲ್ಲಿ ಬಲೆಯ ಮೇಲೆ ದೂಳು ಕೂತಿರುತ್ತದೆ. ಮೊದಲ ನೀರು ಟ್ಯಾಂಕಿಗೆ ಹೋಗಬಾರದು. ದೋಣಿಯ ಕೆಳಗೆ 63 ಮಿಲಿಮೀಟರಿನ ಪೈಪಿನ 1 ಮೀಟರ್ ತುಂಡನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ತಿರುಗಿಸುವ ಮುಚ್ಚಳ ಹಾಕಿ. ಮೊದಲ ಎರಡೂವರೆ ಲೀಟರಿಗೂ ಸ್ವಲ್ಪ ಜಾಸ್ತಿ ನೀರು ಅದರಲ್ಲಿ ತುಂಬಿ, ಆಮೇಲಿನದ್ದು ಮೇಲಿನ ಕವಲಿನಿಂದ ಟ್ಯಾಂಕಿಗೆ ಹೋಗುತ್ತದೆ. ದಿನಾ ಬೆಳಿಗ್ಗೆ ಮುಚ್ಚಳ ತೆರೆದು ಆ ನೀರನ್ನು ಕೈಕಾಲು ತೊಳೆಯಲು ಬಳಸಬಹುದು. ಇದಕ್ಕೆ ಹೋಗುವ ನೀರನ್ನೂ ನಿಮ್ಮ 24 ಲೀಟರಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ತೋಟದ ಔಷಧಿಯ ಬಗ್ಗೆ ಎಚ್ಚರ ಇರಲಿ. ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ. ಅದು ಮಳೆಗಾಲದ ಕೆಲಸ, ಆಗ ನಮ್ಮ ಬಲೆ ಕೆಳಗಿರುತ್ತದೆ. ಆದರೆ ಕಾಫಿ, ಕಾಳುಮೆಣಸಿನ ತೋಟಗಳಲ್ಲಿ ಮಳೆ ಮುಗಿದ ಮೇಲೂ ಸಿಂಪಡಣೆ ನಡೆಯುತ್ತದೆ. ಗಾಳಿ ಬರುವ ಕಡೆ ತೋಟ ಹತ್ತಿರ ಇದ್ದರೆ ಅಲ್ಲಿ ಕುಡಿಯುವ ನೀರಿಗೆ ಬಲೆ ಕಟ್ಟಬೇಡಿ.

ಟ್ಯಾಂಕು ಕಪ್ಪಗಿರಲಿ, ಮುಚ್ಚಿರಲಿ, ಗಾಳಿಕಿಂಡಿಗೆ ಸೊಳ್ಳೆ ಪರದೆ ಇರಲಿ. ಬಾಯಿಗೆ ಮೂರು ಮಡಿಕೆ ಬಟ್ಟೆ ಕಟ್ಟಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಡಿ. ಬ್ಲೀಚಿಂಗ್ ಇಲ್ಲದಿದ್ದರೆ ಕುದಿಸಿ ಆರಿಸಿ ಕುಡಿಯಿರಿ. ಬಿಸಿಲಿನಲ್ಲಿ ಬಾಟಲಿ ಇಟ್ಟು ಶುದ್ಧ ಮಾಡುವ ಉಪಾಯ ಮಂಜಿನ ಊರಿಗೆ ಆಗಿಬರುವುದಿಲ್ಲ.

ಶುರುವಿನಲ್ಲಿ ಒಮ್ಮೆ, ಆಮೇಲೆ ಪ್ರತಿ ಹಂಗಾಮಿಗೆ ಒಮ್ಮೆ ನೀರನ್ನು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು, ಅದನ್ನು ಬಳಸಲು ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಾರೆ. ಪಿಎಚ್ 6.5ರಿಂದ 8.5ರ ಒಳಗಿರಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ನೀರು ಕಪ್ಪಾದರೆ ಟ್ಯಾಂಕು, ದೋಣಿ ಎರಡನ್ನೂ ಉಜ್ಜಿ ತೊಳೆದು ಮತ್ತೆ ಮಾಡಿಸಿ.

ನೋಡಿಕೊಳ್ಳುವವರು ಯಾರು

ಚುಂಗುಂಗೋದ ಬಲೆಗಳು ಹತ್ತು ವರ್ಷ ನಡೆದು ಆಮೇಲೆ ನಿಂತುಹೋದವು. ಮಂಜು ನಿಂತಿರಲಿಲ್ಲ. ಹರಿದ ಬಲೆ ಹೊಲಿಯುವುದು, ಪೈಪು ಸರಿಮಾಡುವುದು ಯಾರ ಕೆಲಸ ಎಂಬುದು ಗಟ್ಟಿಯಾಗಲಿಲ್ಲ. ನಮ್ಮದು ಒಂದೆರಡು ಬಲೆಯ ವಿಷಯವಾದರೂ ಇದು ಅನ್ವಯಿಸುತ್ತದೆ. ಕಂಬ ನೆಡುವ ದಿನವೇ ಒಬ್ಬರ ಹೆಸರು ಗೊತ್ತಾಗಿರಬೇಕು. ಶಿಬಿರದಲ್ಲಿ ಸಿಬ್ಬಂದಿ ಬದಲಾದರೆ ನೋಟ್‌ಬುಕ್ಕಿನ ಜೊತೆ ಕೆಲಸವೂ ಕೈ ಬದಲಾಗಬೇಕು. ಒಂದು ಡಬ್ಬದಲ್ಲಿ ಸೂಜಿ, ನೈಲಾನ್ ದಾರ, ಟ್ಯೂಬಿನ ಪಟ್ಟಿ, ಕಟಿಂಗ್ ಪ್ಲೇಯರ್, ತುಂಡು ಬಲೆ, ಪೈಪಿನ ಎರಡು ಜೋಡಣೆ ಅಲ್ಲೇ ಇರಲಿ.

ವಾರಕ್ಕೊಮ್ಮೆ ತಂತಿ ಬಿಗಿ ಮಾಡಿ, ದೋಣಿ ಒರೆಸಿ. ಬಲೆಗೆ ಪಾಚಿ ಹಿಡಿದರೆ ಮೆತ್ತನೆಯ ಬ್ರಷ್‌ನಿಂದ ಬರೀ ನೀರಿನಲ್ಲಿ ಉಜ್ಜಿ. ಸೋಪು ಹಾಕಬೇಡಿ. ಡಿಸೆಂಬರ್‌ನಿಂದ ಮೇ ತನಕ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಅದು ಮೊದಲು ಪತ್ತೆಯಾದದ್ದು. ಬಲೆ ನೋಡಲು ಕಾಡಿನ ದಾರಿಯಲ್ಲಿ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ವಾಪಸ್ ಬಂದು ಬಿಸಿನೀರಿನ ಸ್ನಾನ ಮಾಡಿ ಉಣುಗು ಅಂಟಿದೆಯೇ ನೋಡಿಕೊಳ್ಳಬೇಕು. ದಾರಿಯಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಾರ್ಚ್ ಮೊದಲ ವಾರ ಬಲೆ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ, ಇಲಿ ಕಡಿಯದಂತೆ ಡ್ರಮ್ಮಿನಲ್ಲಿ ಮುಚ್ಚಿಡಿ. ಬಿದಿರಿನ ಗಳಗಳನ್ನು ಮಾಡಿನ ಕೆಳಗೆ ಅಡ್ಡ ಮಲಗಿಸಿ. ನೆಲದಲ್ಲಿ ಉಳಿದ ಕಬ್ಬಿಣದ ಕೊಳವೆಯ ಬಾಯಿ ಮುಚ್ಚಿ. ಮೇ ತಿಂಗಳ ಕೊನೆಗೆ ಟ್ಯಾಂಕು ತಳ ಕಂಡಾಗ ಉಜ್ಜಿ ತೊಳೆದು, ಮಾಡಿನ ದೋಣಿಯ ಕಸ ತೆಗೆದು, ಮೃಗಶಿರ ಮಳೆಗೆ ಬಾಯಿ ತೆರೆದಿಡಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಟ್ಟು ಮೂರನೆಯದನ್ನು ತುಂಬಿಸಿ.